ಬಣ್ಣಕ್ಕೆ ಹೋಗುವ ದೇವತೆ: ಕಿನ್ನಾಳದ ಚಿತ್ರಗಾರನ ಬದುಕು ಮತ್ತು ಕಸುಬು

ಕೊಪ್ಪಳ ಪಟ್ಟಣದಿಂದ ಸುಮಾರು 13 ಕಿ.ಮೀ. ದೂರದಲ್ಲಿರುವ ಕಿನ್ನಾಳವು ಕರ್ನಾಟಕದ ಮರಗೆತ್ತನೆಯ ಇತಿಹಾಸದಲ್ಲಿ ಪ್ರತ್ಯೇಕವಾಗಿ ಗಮನಿಸಬೇಕಾದ ಗ್ರಾಮ. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗುವವರೆಗೆ ಹೈದರಾಬಾದ್ ರಾಜ್ಯಕ್ಕೂ, 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾಗುವವರೆಗೆ ರಾಯಚೂರು ಜಿಲ್ಲೆಗೂ ಸೇರಿದ್ದ ಈ ಊರಿನಲ್ಲಿ ಚಿತ್ರಗಾರ ಮನೆತನದವರು ತಲೆಮಾರುಗಳಿಂದ ಮರದ ದೇವತಾಮೂರ್ತಿ, ಉತ್ಸವದ ವಾಹನ, ಪಲ್ಲಕ್ಕಿ, ತೊಟ್ಟಿಲು ಹಾಗೂ ಗೊಂಬೆಗಳನ್ನು ಮಾಡುತ್ತ ಬಂದಿದ್ದಾರೆ. ಮಾರಾಟ ಮಳಿಗೆಗಳಲ್ಲಿ, ಸರ್ಕಾರದ ದಾಖಲೆಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ ಇವರ ಕೆಲಸವು ‘ಕಿನ್ನಾಳದ ಆಟಿಕೆ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಹೆಸರು ಪೂರ್ತಿ ತಪ್ಪೆನ್ನುವಂತಿಲ್ಲ. ಆದರೆ ಅದು ಕಸುಬಿನ ಒಂದು ಅಂಚನ್ನು ಮಾತ್ರ ಹೇಳಿ ನಡುಭಾಗವನ್ನು ಬಿಟ್ಟುಬಿಡುತ್ತದೆ. ಮಾರಾಟವಾಗಿ ಕೈಬಿಟ್ಟು ಹೋಗುವ ಗೊಂಬೆಗಿಂತ, ಕೆಲವು ವರ್ಷಗಳಿಗೊಮ್ಮೆ ಚಿತ್ರಗಾರನ ಕೈಗೆ ಮರಳಿ ಬರುವ ದೇವತೆಯೇ ಅವನ ಬದುಕನ್ನು ಕಟ್ಟಿದೆ. ಈ ಮಾತನ್ನು ಕಸುಬಿನ ಕ್ರಮದಿಂದಲೂ ಆಚರಣೆಯ ಕ್ರಮದಿಂದಲೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರ ಕೆತ್ತುವವನಿಗೆ ಚಿತ್ರಗಾರನೆಂಬ ಹೆಸರು ಬಂದುದೇಕೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮರಗೆಲಸ ಬಡಿಗೇರನದು. ನೇಗಿಲು, ಕುಂಟೆ, ಕೂರಿಗೆ, ಬಂಡಿ, ಬಾಗಿಲ ಚೌಕಟ್ಟು ಇವೆಲ್ಲ ಅವನ ಕೈಯಿಂದ ಆಗತಕ್ಕವು. ಚಿತ್ರಗಾರನೂ ಬಾಚಿ, ಉಳಿ, ಕೊಡತಿಗಳನ್ನೇ ಹಿಡಿಯುತ್ತಾನೆ. ಆದರೂ ಊರು ಅವನನ್ನು ಮರದ ಹೆಸರಿನಿಂದ ಗುರುತಿಸದೆ ಬಣ್ಣದ ಹೆಸರಿನಿಂದ ಗುರುತಿಸಿದೆ. ಇದೇ ಸಮುದಾಯಕ್ಕೆ ಕೆಲವು ಕಡೆ ಜೀನಗಾರ ಎಂಬ ಹೆಸರೂ ಉಂಟು. ಜೀನ ಎಂದರೆ ಕುದುರೆಯ ತಡಿ. ತಡಿ ಹೊಲಿಯುವ, ಅದಕ್ಕೆ ಬಣ್ಣ-ಬೇಗಡೆಗಳ ಅಲಂಕಾರ ಮಾಡುವ ಕೆಲಸದ ನೆನಪನ್ನು ಆ ಹೆಸರು ಉಳಿಸಿಕೊಂಡಿದೆ. ಮರ, ಚರ್ಮ, ಬಟ್ಟೆ, ಗೋಡೆ ಯಾವುದೇ ಇರಲಿ, ಅದರ ಮೇಲ್ಮೈಯನ್ನು ಸಿಂಗರಿಸುವವರು ಎಂಬುದೇ ಈ ಸಮುದಾಯದ ಮೂಲ ಗುರುತೆಂದು ತಿಳಿಯಬಹುದು.

ಮಲೆನಾಡಿನ ಗುಡಿಗಾರರೊಂದಿಗೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸಾಗರ, ಸೊರಬಗಳ ಗುಡಿಗಾರನು ಶ್ರೀಗಂಧದ ಕೊರಡಿನಲ್ಲಿ ಕೆತ್ತುವಾಗ ಮರವೇ ಕೊನೆಯವರೆಗೂ ಕಾಣಬೇಕು. ಅದರ ಎಳೆ, ನುಣುಪು, ವಾಸನೆ ಇವೇ ವಸ್ತುವಿನ ಬೆಲೆ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ತಿರುಗಣಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುತ್ತಾರೆ. ಆಕಾರವೆಲ್ಲ ದುಂಡಿನಿಂದ ಹುಟ್ಟುತ್ತದೆ. ಕಿನ್ನಾಳದಲ್ಲಿ ಈ ಎರಡೂ ಇಲ್ಲ. ಇಲ್ಲಿ ಮೂರ್ತಿ ಮುಗಿದ ಮೇಲೆ ಮರವು ಬೆರಳಗಲದಷ್ಟೂ ಹೊರಗೆ ಕಾಣಿಸಬಾರದು. ಕೆತ್ತನೆಯು ಎಲುಬುಗೂಡು ಇದ್ದಂತೆ. ಅದರ ಮೇಲೆ ಮಾಂಸ, ಚರ್ಮ, ಒಡವೆಗಳನ್ನು ಪದರಪದರವಾಗಿ ಏರಿಸಲಾಗುತ್ತದೆ.

ಕಿನ್ನಾಳದ ಚಿತ್ರಗಾರರು ತಮ್ಮ ಪೂರ್ವಿಕರನ್ನು ವಿಜಯನಗರದ ಕಾಲಕ್ಕೆ ಒಯ್ಯುತ್ತಾರೆ. ಹಂಪೆಯ ಪಂಪಾಪತಿ ಗುಡಿಯ ಮೇಲ್ಛಾವಣಿಯ ಚಿತ್ರಗಳೂ, ಅಲ್ಲಿಯ ಮರದ ತೇರಿನ ಕೆತ್ತನೆಯೂ ತಮ್ಮ ಹಿರಿಯರ ಕೈಗೆಲಸವೆಂಬುದು ಅವರ ಹೇಳಿಕೆ. ಮನೆಯೊಂದರಲ್ಲಿ ದೊರೆತ ಹಳೆಯ ಕಾಗದದ ರೇಖಾಪ್ರತಿಗಳನ್ನು ಇದಕ್ಕೆ ಆಧಾರವಾಗಿ ತೋರಿಸುವುದುಂಟು. ಈ ಹೇಳಿಕೆಯನ್ನು ಇದ್ದಂತೆಯೇ ಒಪ್ಪುವುದೂ ಸಲ್ಲ, ತಳ್ಳಿಹಾಕುವುದೂ ಸಲ್ಲ. ಪಂಪಾಪತಿ ಗುಡಿಯ ರಂಗಮಂಟಪವು ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ, ಅಂದರೆ 1510ರ ಸುಮಾರಿಗೆ ಕಟ್ಟಿದ್ದು. ಆದರೆ ಅದರ ಛಾವಣಿಯ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವು ಎಷ್ಟೋ ಈಚಿನವೆಂದು ಭಾವಿಸುವವರಿದ್ದಾರೆ. ರೇಖಾಪ್ರತಿಗಳು ವಂಶಾವಳಿಯನ್ನು ಸಾಧಿಸಲಾರವು. ಅವು ಸಾಧಿಸುವ ಸಂಗತಿ ಬೇರೆ: ಈ ಮನೆಗಳಲ್ಲಿ ಕೆತ್ತುವ ಮುನ್ನ ಬರೆಯುವ ಪದ್ಧತಿ ಇತ್ತು, ಬರೆದುದನ್ನು ತಲೆಮಾರಿನಿಂದ ತಲೆಮಾರಿಗೆ ಕಾಯ್ದಿಡುವ ಎಚ್ಚರವಿತ್ತು. ಮರಗೆಲಸದವನು ತನ್ನ ಮೂಲವನ್ನು ಗೋಡೆಯ ಚಿತ್ರದಲ್ಲಿ ಹುಡುಕುತ್ತಾನೆಂಬುದೇ ಇಲ್ಲಿ ಜಾನಪದ ಅಧ್ಯಯನಕ್ಕೆ ಹೆಚ್ಚು ಬೆಲೆಯುಳ್ಳ ವಿಷಯ.

ಇನ್ನು ಕಸುಬಿನ ಕ್ರಮ. ಗೊಂಬೆಗೆ ಬಳಸುವ ಮರ ಹಗುರವಾದ ಪೊಳಕಿ. ಪೊಣಕಿ ಎಂದೂ ಕರೆಯುವುದುಂಟು. ಆಂಧ್ರಪ್ರದೇಶದ ಕೊಂಡಪಲ್ಲಿಯ ಬೊಂಬೆಗಳಿಗೆ ಬಳಸುವ ತೆಲ್ಲ ಪೊಣಿಕಿಯನ್ನು ಹೆಸರಿನಲ್ಲೂ ಗುಣದಲ್ಲೂ ಹೋಲುವ ಮರವಿದು. ಉಳಿಗೆ ಬೇಗ ಬಗ್ಗುತ್ತದೆ, ಒಣಗಿದ ಮೇಲೆ ತೂಕವೇ ಇರುವುದಿಲ್ಲ. ಕಾಯಂ ಪೂಜೆಗೆ ನಿಲ್ಲುವ, ತೇರಿನ ಮೇಲೆ ಕುಲುಕಾಟ ತಡೆಯಬೇಕಾದ ಮೂರ್ತಿಗೆ ಗಟ್ಟಿಮರವೇ ಆಗಬೇಕು. ಹಸಿಮರ ಯಾವುದಕ್ಕೂ ಒದಗುವುದಿಲ್ಲ. ಮರದೊಳಗಿನ ನೀರು ಆರಿ ಅದು ಕುಗ್ಗುವುದೆಲ್ಲ ಕುಗ್ಗಿ ಮುಗಿದ ಮೇಲೆಯೇ ಬಾಚಿ ತಾಗಿಸಬೇಕು. ಇಲ್ಲವಾದರೆ ಮೂರ್ತಿ ಸಿದ್ಧವಾದ ಆರು ತಿಂಗಳಿಗೆ ಬಣ್ಣದ ಮೇಲೆ ಸೀಳು ಮೂಡುತ್ತದೆ.

ಮೂರ್ತಿಯನ್ನು ಒಂದೇ ದಿಮ್ಮಿಯಿಂದ ತೆಗೆಯುವುದು ವಿರಳ. ತಲೆ, ಮೈ, ಕೈ, ಕಾಲು, ಪೀಠ, ಪ್ರಭಾವಳಿ ಎಲ್ಲವನ್ನೂ ಬೇರೆಬೇರೆ ಕೆತ್ತಿ ಕೂಡಿಸುತ್ತಾರೆ. ಗರುಡನ ಒಂದು ಮೂರ್ತಿಗೆ 12 ಬಿಡಿಭಾಗಗಳು, ಸಿಂಹಾಸನದ ಮೇಲೆ ಕುಳಿತ ಗಣಪತಿಗೆ 22 ಬಿಡಿಭಾಗಗಳು ಎಂದು ಕಿನ್ನಾಳದ ಲೆಕ್ಕ. ಇದು ಮರ ಉಳಿಸುವ ಜಾಣತನ ಮಾತ್ರವಲ್ಲ. ಮರದ ಎಳೆ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಬೇಗ ಮುರಿಯುವಂಥದು. ಚಾಚಿದ ಕೈಯನ್ನು ಮೈಯ ದಿಮ್ಮಿಯಲ್ಲೇ ಕೆತ್ತಿದರೆ ಎಳೆ ಅಡ್ಡ ಬಿದ್ದು ಮೊಣಕೈಯಲ್ಲಿ ತುಂಡಾಗುತ್ತದೆ. ಬೇರೆ ತುಂಡಿನಲ್ಲಿ ಕೆತ್ತಿದರೆ ಪ್ರತಿ ಅಂಗಕ್ಕೂ ಎಳೆಯನ್ನು ಅದರ ಉದ್ದಕ್ಕೇ ಹಿಡಿಸಬಹುದು. ಜೊತೆಗೆ, ಮುಂದೆಂದೋ ಒಂದು ಕೈ ಹಾಳಾದರೆ ಅದೊಂದನ್ನೇ ಬಿಚ್ಚಿ ಹೊಸದು ಕೂಡಿಸಲು ಬರುತ್ತದೆ. ಮೂರ್ತಿಯು ಮತ್ತೆ ತನ್ನ ಕೈಗೆ ಬರುವುದೆಂಬ ನಿರೀಕ್ಷೆ ಕೆತ್ತನೆಯ ಮೊದಲ ಹಂತದಲ್ಲೇ ಅಡಗಿದೆ.

ಬಿಡಿಭಾಗಗಳನ್ನು ಹಿಡಿದಿಡುವ ಅಂಟು ಹುಣಸೆಬೀಜದ್ದು. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ನುಣ್ಣಗೆ ಅರೆದು, ಕುದಿಸಿ ಮಾಡುವ ಈ ಸರಿಗೆ ಕಲ್ಲಿನ ಹುಡಿ ಬೆರೆಸಿದರೆ ಬೆಸುಗೆ ಗಟ್ಟಿಯಾಗುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (12ನೆಯ ಶತಮಾನ) ಚಿತ್ರದ ಗೋಡೆಯನ್ನು ಹದಮಾಡಲು ಎಮ್ಮೆಯ ತೊಗಲನ್ನು ಬೇಯಿಸಿ ಮಾಡುವ ವಜ್ರಲೇಪದ ವಿವರಣೆ ಬರುತ್ತದೆ. ಲೇಪ ಕೊಟ್ಟು, ಒಣಗಿಸಿ, ಉಜ್ಜಿ, ಮತ್ತೆ ಲೇಪ ಕೊಡುವ ಕ್ರಮದಲ್ಲಿ ಎರಡಕ್ಕೂ ಸಾಮ್ಯವಿದೆ. ಆದರೆ ಕಿನ್ನಾಳದ ಅಂಟು ಸಸ್ಯಮೂಲದ್ದು, ಹುಣಸೆಮರಗಳಿರುವ ಬಯಲುಸೀಮೆಯಲ್ಲಿ ಕಾಸಿಲ್ಲದೆ ಸಿಗುವಂಥದು. ಶಾಸ್ತ್ರಗ್ರಂಥದಿಂದ ಹಳ್ಳಿಗೆ ವಿದ್ಯೆ ಇಳಿದು ಬಂತೆಂದು ಸುಲಭವಾಗಿ ಬರೆದುಬಿಡುವ ರೂಢಿ ಇರುವುದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ.

ಕೂಡಿಸಿದ ಮೈಗೆ ಕಿಟ್ಟ ಹಚ್ಚುವುದು ಮುಂದಿನ ಹಂತ. ಗೋಣಿಯ ಚೂರುಗಳನ್ನು ನೆನೆಸಿ, ಎಳೆಎಳೆಯಾಗಿ ಬಿಡಿಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿ ಸೇರಿಸಿ ನಾದಿದರೆ ಕಿಟ್ಟ. ಕನ್ನಡದಲ್ಲಿ ಕಿಟ್ಟ ಎಂದರೆ ಕಸರು, ಲೋಹ ಕರಗಿಸಿದಾಗ ಉಳಿಯುವ ಹೊಲಸು. ಎಸೆಯುವ ಗೋಣಿ, ಉದುರಿದ ಹೊಟ್ಟು, ಉಗುಳಿದ ಬೀಜ ಈ ಮೂರೂ ಕೂಡಿ ದೇವತೆಯ ಮೈಯಾಗುತ್ತವೆ. ಕಿಟ್ಟವನ್ನು ಕೈಯಿಂದಲೇ ಒತ್ತಿ ಕೆನ್ನೆ, ಗದ್ದ, ತೋಳುಗಳ ತುಂಬುತನ ತರುತ್ತಾರೆ. ಉಳಿಯ ಗುರುತು ಇಲ್ಲಿಗೆ ಮುಚ್ಚಿಹೋಗುತ್ತದೆ. ಆಮೇಲೆ ಹತ್ತಿಬಟ್ಟೆಯ ಸಣ್ಣಸಣ್ಣ ತುಂಡುಗಳನ್ನು ಅದೇ ಸರಿಯಿಂದ ಮೈತುಂಬ ಅಂಟಿಸುತ್ತಾರೆ. ನೋಡುವವರಿಗೆ ಇದು ಅನವಶ್ಯಕವೆನಿಸಬಹುದು. ಆದರೆ ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. 22 ತುಂಡುಗಳ ಸಂದುಗಳು ಒಂದೊಂದೂ ತಮ್ಮತಮ್ಮ ರೀತಿಯಲ್ಲಿ ಅಲುಗುತ್ತವೆ. ಸಂದಿನ ಮೇಲೆ ಹಾಯ್ದ ಬಟ್ಟೆ ಆ ಅಲುಗಾಟವನ್ನು ತಾನು ನುಂಗಿಕೊಂಡು ಬಣ್ಣಕ್ಕೆ ತಟ್ಟಗೊಡುವುದಿಲ್ಲ. ಬಟ್ಟೆಯ ಮೇಲೆ ಬಿಳಿಕಲ್ಲಿನ ನುಣುಪು ಹುಡಿಯ ಲೇಪ. ಬಣ್ಣ ನಿಲ್ಲುವುದು ಈ ಲೇಪದ ಮೇಲೆ.

ಒಡವೆಗಳನ್ನು ಕೆತ್ತುವುದಿಲ್ಲ, ಬರೆಯುತ್ತಾರೆ. ಕಲ್ಲಿನ ಹುಡಿಯನ್ನು ತೆಳುವಾದ ಅಂಟಿನಲ್ಲಿ ಕಲಸಿ ಎಳೆಯಾಗಿ, ಚುಕ್ಕಿಯಾಗಿ ಇಳಿಬಿಡುತ್ತ ಬಂದರೆ ಅದು ಒಣಗಿ ಉಬ್ಬುಗೆರೆಯಾಗಿ ನಿಲ್ಲುತ್ತದೆ. ಸರ, ಡಾಬು, ವಂಕಿ, ಕಿರೀಟದ ಹರಳು ಎಲ್ಲವೂ ಹೀಗೆಯೇ. ಅವುಗಳಿಗೆ ಲೋಹದ ಹೊಳಪು ಕೊಡುವ ವಿಧಾನಕ್ಕೆ ಲಾಜವಾರ ಎನ್ನುತ್ತಾರೆ. ತವರವನ್ನು ಅಂಟಿನೊಂದಿಗೆ ಸಣ್ಣಗೆ ಅರೆದು ಹಚ್ಚಿ, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜಿದರೆ ಬೆಳ್ಳಿಯ ಮೆರುಗು ಏಳುತ್ತದೆ. ಅದರ ಮೇಲೆ ಹಳದಿ ಛಾಯೆಯ ಮೆರುಗೆಣ್ಣೆ ಕೊಟ್ಟರೆ ಬೆಳ್ಳಿಯೇ ಬಂಗಾರವಾಗಿ ಕಾಣುತ್ತದೆ. ಪಾರಸಿಯಲ್ಲಿ ಲಾಜವರ್ದ್ ಎಂದರೆ ನೀಲಿಯ ಒಂದು ರತ್ನಶಿಲೆ ಮತ್ತು ಅದರಿಂದಾಗುವ ನೀಲಿ ಬಣ್ಣ. ಎರಡು ಪದಗಳ ಧ್ವನಿಸಾಮ್ಯ ಕಣ್ಣಿಗೆ ಹೊಡೆಯುವಂತಿದ್ದರೂ ಅರ್ಥಗಳು ದೂರ ನಿಂತಿವೆ. ಧ್ವನಿಯೊಂದನ್ನೇ ಹಿಡಿದು ಪಾರಸಿಕ ಪ್ರಭಾವದ ಕಥೆ ಕಟ್ಟುವುದು ಅವಸರವಾದೀತು.

ಈ ವಿವರಗಳಿಂದ ಚಿತ್ರಗಾರನ ಮನೆಯ ದಿನಚರಿಯೂ ತಿಳಿಯುತ್ತದೆ. ಬೀಜ ಹುರಿದು ಅರೆಯುವುದು, ಗೋಣಿ ನೆನೆಸಿ ಬಿಡಿಸುವುದು, ಕಲ್ಲು ಕುಟ್ಟಿ ವಸ್ತ್ರಗಾಳಿಸುವುದು, ಲೇಪ ಉಜ್ಜುವುದು ಇವೆಲ್ಲ ಬಹಳ ಕೈಗಳನ್ನು, ಬಹಳ ಹೊತ್ತನ್ನು ಬೇಡುವ ಕೆಲಸಗಳು. ಮನೆಯ ಹೆಂಗಸರ ಮತ್ತು ಮಕ್ಕಳ ದುಡಿಮೆ ಇಲ್ಲದೆ ಕಸುಬು ಒಂದು ದಿನವೂ ನಡೆಯದು. ಪ್ರಶಸ್ತಿ ಪತ್ರಗಳಲ್ಲಿ ಮನೆಯ ಯಜಮಾನನೊಬ್ಬನ ಹೆಸರು ಬರುತ್ತದೆ. ಆದರೆ ಮೂರ್ತಿಯ ಮೈಯ ಪದರಗಳಲ್ಲಿ ಅವನ ಕೈ ನೇರವಾಗಿ ಮುಟ್ಟಿದ ಪದರಗಳಿಗಿಂತ ಮನೆಯವರು ಮುಟ್ಟಿದ ಪದರಗಳೇ ಹೆಚ್ಚು. ಕಲಿಕೆಯೂ ಇದೇ ಕ್ರಮದಲ್ಲಿ ಸಾಗುತ್ತದೆ. ಹುಡುಗನಿಗೆ ಮೊದಲು ಸಿಗುವುದು ಅರೆಯುವ ಕಲ್ಲು. ನಂತರ ಕಿಟ್ಟ, ಬಟ್ಟೆ, ಸಣ್ಣ ಗೊಂಬೆಗಳಿಗೆ ಬಣ್ಣ, ಆಮೇಲೆ ಉಳಿ. ಮುಖ ಬರೆಯುವುದು, ಅದರಲ್ಲೂ ಕಣ್ಣು ಬರೆಯುವುದು ಕೊನೆಗೆ. ಹೊರಗಿನವರು ಕೆತ್ತನೆಯೇ ಕಸುಬಿನ ಶಿಖರವೆಂದು ಭಾವಿಸುತ್ತಾರೆ. ಒಳಗಿನ ಕ್ರಮದಲ್ಲಿ ಉಳಿ ನಡುವೆ ಬರುತ್ತದೆ, ಕುಂಚ ಕೊನೆಗೆ ಬರುತ್ತದೆ.

ಕಣ್ಣಿನ ಮಾತು ಬಂದುದರಿಂದ ಗ್ರಾಮದೇವತೆಯ ಕಡೆಗೆ ಹೊರಳಬೇಕು. ಕೊಪ್ಪಳ, ರಾಯಚೂರು, ಗದಗ, ಧಾರವಾಡ, ಹಾವೇರಿ, ಬಾಗಲಕೋಟೆ ಸೀಮೆಗಳ ಹಳ್ಳಿಗಳಲ್ಲಿ ದ್ಯಾಮವ್ವ, ದುರಗವ್ವ ಎಂಬ ಗ್ರಾಮದೇವತೆಯರ ಮೂರ್ತಿಗಳು ಬಹುಮಟ್ಟಿಗೆ ಮರದವು. ಇವರ ದೊಡ್ಡ ಜಾತ್ರೆ ವರ್ಷವರ್ಷ ನಡೆಯುವಂಥದಲ್ಲ. ಮೂರು, ಐದು, ಒಂಬತ್ತು, ಹನ್ನೆರಡು ವರ್ಷ ಹೀಗೆ ಊರಿಂದೂರಿಗೆ ಗಡುವು ಬೇರೆ. ಮಳೆಬೆಳೆ ಕೈಕೊಟ್ಟರೆ ಗಡುವು ಮುಂದಕ್ಕೂ ಹೋಗುತ್ತದೆ. ಜಾತ್ರೆ ನಿಶ್ಚಯವಾದ ಮೇಲೆ ಮೊದಲ ಕೆಲಸ ದೇವಿಯನ್ನು ಗುಡಿಯಿಂದ ಇಳಿಸಿ ಚಿತ್ರಗಾರನಿಗೆ ಒಪ್ಪಿಸುವುದು. ಇದಕ್ಕೆ ದೇವಿ ಬಣ್ಣಕ್ಕೆ ಹೋದಳು ಎನ್ನುತ್ತಾರೆ. ಮೂರ್ತಿಗೆ ಬಣ್ಣ ಹಚ್ಚಿಸಿದರು ಎಂದು ಯಾರೂ ಹೇಳುವುದಿಲ್ಲ. ಹೋಗುವವಳು ದೇವಿ, ಹೆಣ್ಣುಮಗಳು ತವರಿಗೆ ಹೋದಂತೆ. ಕೆಲವು ಊರುಗಳಲ್ಲಿ ಬಡಿಗೇರರ ಮನೆಯನ್ನೇ ದೇವಿಯ ತವರುಮನೆಯೆಂದು ಕರೆದು, ಜಾತ್ರೆಯಲ್ಲಿ ತವರಿನ ಉಡಿಯನ್ನು ಅಲ್ಲಿಂದಲೇ ತುಂಬಿಸುವ ಪದ್ಧತಿಯಿದೆ. ಮರದಿಂದ ಹುಟ್ಟಿದವಳಿಗೆ ಮರ ಕಡೆದವನ ಮನೆಯೇ ತವರೆಂಬುದು ಜನಪದರ ತರ್ಕ.

ದೇವಿ ಬಣ್ಣಕ್ಕೆ ಹೋಗಿ ಮರಳುವವರೆಗಿನ ಅವಧಿ ಊರಿಗೆ ಕಟ್ಟುನಿಟ್ಟಿನ ಕಾಲ. ಗುಡಿಯಲ್ಲಿ ಪೂಜೆ ನಿಂತಿರುತ್ತದೆ ಅಥವಾ ಕಲಶಕ್ಕೆ ನಡೆಯುತ್ತದೆ. ವಾರ ಹಿಡಿಯುವುದೆಂಬ ಕಟ್ಟಳೆಯಂತೆ ಗೊತ್ತುಮಾಡಿದ ಮಂಗಳವಾರ, ಶುಕ್ರವಾರಗಳಂದು ಬೇಸಾಯ ನಿಲ್ಲುತ್ತದೆ. ಬೀಸುವುದು, ಕುಟ್ಟುವುದು, ಒಗ್ಗರಣೆ ಹಾಕುವುದು ನಿಷಿದ್ಧವಾಗುತ್ತದೆ. ಕೆಲವು ಕಡೆ ಇಡೀ ಊರು ಹೊರಬಿದ್ದು ಹೊಲಗಳಲ್ಲಿ ಅಡುಗೆ ಮಾಡಿ ಉಣ್ಣುತ್ತದೆ. ಊರು ಹೀಗೆ ಉಸಿರು ಬಿಗಿಹಿಡಿದಿರುವಾಗ ಚಿತ್ರಗಾರನು ದೇವಿಯ ಮೈಯಿಂದ ಹಳೆಯ ಬಣ್ಣ ಕೆರೆಯುತ್ತಾನೆ. ಹುಳ ತಿಂದ ಬೆರಳನ್ನು ತೆಗೆದು ಬೇರೆ ಕೂಡಿಸುತ್ತಾನೆ, ಬಿರುಕಿಗೆ ಕಿಟ್ಟ ತುಂಬುತ್ತಾನೆ, ಹೊಸ ಬಟ್ಟೆ, ಹೊಸ ಲೇಪ, ಹೊಸ ಒಡವೆ ಕೊಡುತ್ತಾನೆ. ಈ ಕೆಲಸ ಮರೆಯಲ್ಲಿ ನಡೆಯಬೇಕು. ಬಣ್ಣ ಕಳಚಿದ ದೇವಿಯನ್ನು ಊರವರು ನೋಡಬಾರದು. ಕೆಲಸ ಮುಗಿಯುವವರೆಗೆ ಚಿತ್ರಗಾರನೂ ಒಪ್ಪೊತ್ತು, ಮಡಿ, ಮದ್ಯಮಾಂಸ ವರ್ಜನೆಯಂಥ ನಿಯಮಗಳಿಗೆ ಒಳಗಾಗುತ್ತಾನೆ. ದೃಷ್ಟಿ ಇಡುವುದು ಎಲ್ಲಕ್ಕೂ ಕೊನೆಯದು. ಕಣ್ಣಿನ ಕಪ್ಪು ತುಂಬಿದೊಡನೆ ದೇವಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಕನ್ನಡಿ ಹಿಡಿಯುವುದು, ಕುಂಬಳಕಾಯಿ ಒಡೆಯುವುದು ಅಥವಾ ಬಲಿ ಕೊಡುವುದು ಹೀಗೆ ಊರಿಗೊಂದು ರೂಢಿ. ಆ ಕ್ಷಣದವರೆಗೆ ಅದು ಚಿತ್ರಗಾರನು ತೊಡೆಯ ಮೇಲಿಟ್ಟು ಉಜ್ಜಬಹುದಾದ ಮರ. ಆ ಕ್ಷಣದಿಂದ ಅವನೂ ದೂರ ನಿಂತು ಕೈಮುಗಿಯತಕ್ಕದ್ದು.

ಜಾತ್ರೆಯ ಕಥಾಭಾಗವನ್ನು ಗಮನಿಸಿದರೆ ಈ ಹೊಸಬಣ್ಣದ ಅರ್ಥ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಕುಲ ಮರೆಸಿ ಮದುವೆಯಾದವನಿಂದ ವಂಚಿತಳಾದ ಬ್ರಾಹ್ಮಣ ಕನ್ಯೆ ನಿಜ ತಿಳಿದು ಸಿಟ್ಟಿನಿಂದ ಗಂಡನನ್ನು ಕೊಂದಳೆಂದೂ, ಅವನು ಕೋಣನಾಗಿ ಹುಟ್ಟಿ ಅವಳಿಗೆ ಬಲಿಯಾಗುತ್ತಾನೆಂದೂ ಹೇಳುವ ಕಥೆ ದ್ಯಾಮವ್ವನ ಹಾಗೂ ಮಾರಿಯ ಆರಾಧನೆಯುಳ್ಳ ಎಲ್ಲ ಕಡೆಗೂ ಹಬ್ಬಿದೆ. ಈ ಕಥೆಯಲ್ಲಿ ಅಡಗಿರುವ ಜಾತಿಯ ಭಯವನ್ನೂ ಕ್ರೌರ್ಯವನ್ನೂ ಮರೆಮಾಚಬೇಕಾಗಿಲ್ಲ. ಇಲ್ಲಿಗೆ ಬೇಕಾದ ಅಂಶವಿಷ್ಟು: ಜಾತ್ರೆಯಲ್ಲಿ ದೇವಿ ಮದುಮಗಳಾಗಿ ಬರುತ್ತಾಳೆ, ಜಾತ್ರೆಯ ಕೊನೆಗೆ ಸೀಮೆಯಲ್ಲಿ ವಿಧವೆಯಾಗುತ್ತಾಳೆ. ಬಳೆ ಒಡೆಯುವುದು, ಚಪ್ಪರ ಅಥವಾ ಗುಡಿಸಲನ್ನು ಸುಡುವುದು, ಮೂರ್ತಿಯ ಅಂಗಗಳನ್ನು ಬಿಚ್ಚಿಡುವುದು ಇವೆಲ್ಲ ಆ ವೈಧವ್ಯದ ಸೂಚನೆಗಳು. ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಶಿರಸಿಯ ಮಾರಿಕಾಂಬೆಯ ದೊಡ್ಡ ಮರದ ಮೂರ್ತಿಯೂ ಜಾತ್ರೆ ಮುಗಿದ ಮೇಲೆ ದರ್ಶನಕ್ಕಿಲ್ಲವಾಗಿ, ಯುಗಾದಿಯಂದು ಮತ್ತೆ ಪ್ರತಿಷ್ಠೆಗೊಳ್ಳುತ್ತದೆ. ಮದುಮಗಳ ಮೈಬಣ್ಣ ಮಾಸಲೇಬೇಕು, ಮಾಸಿದ್ದನ್ನು ಮತ್ತೆ ಹಚ್ಚಲೇಬೇಕು. ಹಳೆಯದಾಗಬಲ್ಲ ಮೈ ಇಲ್ಲದೆ ಈ ಆಚರಣೆ ನಡೆಯುವಂತಿಲ್ಲ.

ಹೀಗಾಗಿ ಕಿನ್ನಾಳದ ದೇವತಾಮೂರ್ತಿಯ ಬಗ್ಗೆ, ಇದು ಯಾವಾಗ ಮಾಡಿದ್ದು, ಮಾಡಿದವರು ಯಾರು ಎಂದು ಕೇಳಿದರೆ ನೇರ ಉತ್ತರ ಸಿಗುವುದು ಕಷ್ಟ. ತಿರುಳಿನ ಮರ ಮುತ್ತಜ್ಜನ ಕಾಲದ್ದಿರಬಹುದು, ಎಡಗೈ ಅಜ್ಜನ ಕಾಲದ್ದು, ಕಿರೀಟ ತಂದೆಯದು, ಮುಖ ಕಳೆದ ಜಾತ್ರೆಯದು. ಚಿತ್ರಗಾರನು ತನ್ನ ಹಿರಿಯರ ಕೆಲಸವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡುವುದಿಲ್ಲ. ಕೆರೆಯುವಾಗ ತನ್ನ ಉಗುರಿನ ಕೆಳಗೆ ನೋಡುತ್ತಾನೆ. ತಂದೆ ಎಲ್ಲಿ ಬಟ್ಟೆ ಉಳಿಸಿದ್ದ, ಅಜ್ಜ ಯಾವ ಬೆಸುಗೆಯಲ್ಲಿ ಅವಸರ ಮಾಡಿದ್ದ ಎಂಬುದು ಅವನಿಗೆ ಆಗ ತಿಳಿಯುತ್ತದೆ. ಈ ಕಸುಬಿನ ಪಾಠಶಾಲೆ ಯಾವುದೆಂದರೆ ಮರಳಿ ಬರುವ ಮೂರ್ತಿಯೇ. ಸಂಭಾವನೆಯ ಸ್ವರೂಪವೂ ಇದಕ್ಕೆ ತಕ್ಕಂತೆ ಇತ್ತು. ಕಾಳುಕಡಿ, ಬಟ್ಟೆ, ಕಾಣಿಕೆ, ಜಾತ್ರೆಯ ದಿನದ ವೀಳ್ಯ ಮತ್ತು ಮರ್ಯಾದೆ ಎಲ್ಲವೂ ಸೇರಿ ಒಂದು ಊರಿಗೂ ಒಂದು ಮನೆತನಕ್ಕೂ ನಡುವಿನ ಹಕ್ಕು-ಬಾಧ್ಯತೆಯಾಗಿದ್ದವು. ಒಬ್ಬ ಚಿತ್ರಗಾರನಿಗೆ ಇಂತಿಷ್ಟು ಊರ ದೇವಿಯರ ಬಣ್ಣದ ಹಕ್ಕು ಇದೆಯೆಂದರೆ ಅವನ ಮುಂದಿನ ಹತ್ತಾರು ವರ್ಷಗಳ ದುಡಿಮೆಯ ಪಂಚಾಂಗ ಸಿದ್ಧವಾದಂತೆ.

ಗೊಂಬೆಗಳು ಈ ಪಂಚಾಂಗದ ಬಿಡುವುಗಳನ್ನು ತುಂಬುತ್ತಿದ್ದವು. ಹಬ್ಬದ ಕಾಲಕ್ಕೆ ಮಣ್ಣಿನ ಮೂರ್ತಿಗಳು, ಸೆಗಣಿ ಮತ್ತು ಮರದ ಹೊಟ್ಟಿನಿಂದ ಮಾಡಿದ ಹಗುರ ಬೊಂಬೆಗಳು, ಹೋಳಿಗೆ ಕಾಮ-ರತಿಯರು, ಉಳಿದ ದಿನಗಳಲ್ಲಿ ಮರದ ಗೊಂಬೆಗಳು. ಹಿಂದೆ ನಾನಾ ಕಸುಬುಗಳವರ ಗೊಂಬೆಗಳಿಗೆ ಬೇಡಿಕೆಯಿತ್ತು. ಹಳ್ಳಿಯ ಜೀವನವನ್ನು ಹಳ್ಳಿಯವನೇ ಚಿತ್ರಿಸಿದ ಅವು ಈಗ ದೊರೆತರೆ ವೇಷಭೂಷಣ, ಉಪಕರಣಗಳ ಅಧ್ಯಯನಕ್ಕೆ ಒಳ್ಳೆಯ ಆಕರಗಳು. ಕಾಲಕ್ರಮೇಣ ಕೊಳ್ಳುವವರ ಒಲವು ಪ್ರಾಣಿ, ಪಕ್ಷಿ, ದೇವತೆಗಳ ಕಡೆಗೆ ತಿರುಗಿತು. ಕೊಳ್ಳುವವರು ಬದಲಾಗಿದ್ದೂ ಇದಕ್ಕೆ ಕಾರಣ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ, 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ಕಿನ್ನಾಳದ ವಸ್ತು ನಗರದ ಮಳಿಗೆಗಳಿಗೆ ಹೋಗುವ ದಾರಿ ತೆರೆಯಿತು. ಗಡುವಿನ ಊರುಗಳು ಬರಗಾಲದಿಂದ ಜಾತ್ರೆ ಮುಂದೂಡಿದಾಗ ಚಿತ್ರಗಾರನ ಒಲೆ ಉರಿದದ್ದು ಇಂಥ ಮಾರಾಟದಿಂದ. ಇದನ್ನು ಹಗುರವಾಗಿ ಕಾಣಲಾಗದು.

ಮುಂದೆ, 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ‘ಕಿನ್ಹಾಳ ಟಾಯ್ಸ್’ ಎಂಬ ಹೆಸರು ನೋಂದಣಿಯಾಯಿತು. ಬೇರೆ ಊರಿನಲ್ಲಿ ಅಚ್ಚು ಹಾಕಿದ ಗೊಂಬೆಯನ್ನು ಕಿನ್ನಾಳದ್ದೆಂದು ಮಾರದಂತೆ ತಡೆಯಲು ಇದು ಬಲ ಕೊಡುತ್ತದೆ. ಆದರೆ ಕಾಯ್ದೆ ಕಾಪಾಡುವುದು ಮಾರುವ ಸರಕನ್ನು. ಹೆಸರಿನಲ್ಲೇ ಆಟಿಕೆ ಎಂಬ ಮಾತು ನೆಲೆಯಾದ ಮೇಲೆ ತರಬೇತಿ, ಸಾಲ, ಪ್ರದರ್ಶನ, ಪ್ರಶಸ್ತಿ ಎಲ್ಲವೂ ಅದೇ ಅಳತೆಗೋಲಿನಿಂದ ಹೊರಡುತ್ತವೆ: ಎಷ್ಟು ಗೊಂಬೆ, ಎಷ್ಟು ದಿನ, ಎಷ್ಟು ಬೆಲೆ. ಬಣ್ಣಕ್ಕೆ ಬಂದ ದೇವಿಯ ಮೇಲೆ ತಿಂಗಳುಗಟ್ಟಲೆ ಸುರಿದ ದುಡಿಮೆಯಿಂದ ಹೊಸ ವಸ್ತುವೊಂದು ಹುಟ್ಟುವುದಿಲ್ಲವಾದ್ದರಿಂದ ಅದಕ್ಕೆ ಈ ಲೆಕ್ಕದಲ್ಲಿ ಕಲಮೇ ಇಲ್ಲ. ಬೇಡಿಕೆಯ ಒತ್ತಡದಲ್ಲಿ ಪದರಗಳೂ ಕಡಿಮೆಯಾಗುತ್ತವೆ. ಮೇಜಿನ ಮೇಲಿಡುವ ಗಿಳಿಗೆ ಬಟ್ಟೆ ಹಚ್ಚುವ ಅಗತ್ಯವಿಲ್ಲ. ಹುಣಸೆ ಸರಿಯ ಬದಲು ಅಂಗಡಿಯ ಅಂಟು, ಲಾಜವಾರದ ಬದಲು ಡಬ್ಬಿಯ ಬಂಗಾರದ ಬಣ್ಣ ಸಾಕಾಗುತ್ತದೆ. ಗೊಂಬೆಯ ಮಟ್ಟಿಗೆ ಇದು ದೋಷವೂ ಅಲ್ಲ. ತೊಂದರೆಯಿರುವುದು ಇನ್ನೊಂದು ಕಡೆ. ಗೊಂಬೆಯನ್ನಷ್ಟೇ ಮಾಡಿ ಬೆಳೆದ ಕೈಗೆ ಮಳೆಗಾಲದ ಉಬ್ಬು, ಬೇಸಿಗೆಯ ಕುಗ್ಗು, ಬೆಸುಗೆಯ ಒಳನಡೆ ಇವುಗಳ ಅರಿವು ಬರಲು ಅವಕಾಶವೇ ಇರುವುದಿಲ್ಲ. ಹೋದ ಗೊಂಬೆ ಮರಳಿ ಬಂದು ತನ್ನ ತಪ್ಪನ್ನು ತೋರಿಸುವುದಿಲ್ಲ.

ಇದಕ್ಕಿಂತ ದೊಡ್ಡ ಹೊಡೆತ ಬೀಳುತ್ತಿರುವುದು ಭಕ್ತಿಯ ಕಡೆಯಿಂದಲೇ. ಹಲವು ಊರುಗಳಲ್ಲಿ ಜೀರ್ಣೋದ್ಧಾರದ ಉತ್ಸಾಹದಲ್ಲಿ ಮರದ ದೇವಿಯ ಬದಲು ಕಲ್ಲಿನ ಮೂರ್ತಿಯನ್ನು ನಿಲ್ಲಿಸುವುದು ರೂಢಿಯಾಗುತ್ತಿದೆ. ಕಲ್ಲು ಶಾಶ್ವತ, ಹುಳ ಹಿಡಿಯದು, ದಿನನಿತ್ಯ ಅಭಿಷೇಕ ಮಾಡಲು ಬರುತ್ತದೆ ಎಂಬುದು ವಾದ. ಶಾಸ್ತ್ರೋಕ್ತ ಪ್ರತಿಷ್ಠೆಯಿಂದ ದೇವಿಯ ಗೌರವ ಹೆಚ್ಚುವುದೆಂಬ ಭಾವನೆಯೂ ಇದರ ಹಿಂದಿದೆ. ಆದರೆ ಕಲ್ಲಿನ ದೇವಿ ಬಣ್ಣಕ್ಕೆ ಹೋಗುವುದಿಲ್ಲ. ಬಣ್ಣಕ್ಕೆ ಹೋಗದವಳಿಗೆ ತವರಿಲ್ಲ, ಮದುಮಗಳಾಗುವುದಿಲ್ಲ, ಊರು ವಾರ ಹಿಡಿಯುವ ಕಾರಣವೂ ಕ್ರಮೇಣ ಸಡಿಲವಾಗುತ್ತದೆ. ಒಂದು ಕಲ್ಲಿನ ಮೂರ್ತಿಯಿಂದ ಚಿತ್ರಗಾರನ ಪಂಚಾಂಗದಲ್ಲಿ ಒಂದು ಊರು ಕಾಯಮ್ಮಾಗಿ ಅಳಿಸಿಹೋಗುತ್ತದೆ. ಎಷ್ಟೇ ಗೊಂಬೆ ಮಾರಿದರೂ ಆ ಊರು ಮರಳಿ ಬರುವುದಿಲ್ಲ.

ಮರದ ಮೂರ್ತಿಯನ್ನು ಉಳಿಸಿಕೊಂಡ ಊರುಗಳಲ್ಲೂ ಬಣ್ಣದ ಸ್ವರೂಪ ಬದಲಾಗಿದೆ. ಎಣ್ಣೆಬಣ್ಣ ಮತ್ತು ಎನಾಮಲ್ ಬಳಕೆಗೆ ಬಂದ ಮೇಲೆ ಕೆಲಸ ಬೇಗ ಮುಗಿಯುತ್ತದೆ, ಹೊಳಪು ಹೆಚ್ಚು. ಆದರೆ ಇವು ಗಾಳಿಯಾಡದ ಪೊರೆಯಂತೆ ಕೂತುಬಿಡುವುದರಿಂದ ಒಳಗೆ ಸೇರಿದ ತೇವ ಹೊರಬೀಳಲು ದಾರಿಯಿಲ್ಲದೆ ಲೇಪವೇ ಸಡಿಲವಾಗುತ್ತದೆ. ಮುಂದಿನ ಜಾತ್ರೆಗೆ ಕೆರೆಯುವಾಗ ಬಣ್ಣದೊಂದಿಗೆ ಬಟ್ಟೆ, ಕಿಟ್ಟಗಳೂ ಚಕ್ಕೆಯಾಗಿ ಎದ್ದು ಬರುತ್ತವೆ. ಹಳೆಯ ಬಣ್ಣವು ಮುಂದಿನ ಕೈಗೆ ಅನುಕೂಲವಾಗುವಂತೆ ಹಚ್ಚಿದ್ದು, ಹೊಸದು ಹಾಗಲ್ಲ.

ವಸ್ತುಸಂಗ್ರಹಾಲಯಗಳ ಸಮಸ್ಯೆ ಇದಕ್ಕೆ ವಿರುದ್ಧ ದಿಕ್ಕಿನದು. ಕರಾವಳಿಯ ಬಾರ್ಕೂರಿನ ಸಮೀಪದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದಲ್ಲಿ ಹಳೆಯ ಮರದ ಉರುಗಳ ಜಾಗದಲ್ಲಿ ಹೊಸ ಉರುಗಳನ್ನು ನಿಲ್ಲಿಸಿದಾಗ ಹಳೆಯವು ನವದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ದೇವಸ್ಥಾನಕ್ಕೆ ಹೊಸ ಮೈಯಲ್ಲಿ ಅವೇ ದೈವಗಳು ಉಳಿದವು, ಸಂಗ್ರಹಾಲಯಕ್ಕೆ ಕಲಾಕೃತಿಗಳು ದೊರೆತವು. ಇದೊಂದು ಸುಸೂತ್ರವಾದ ಹಂಚಿಕೆ. ಕಿನ್ನಾಳದ ದೇವಿಯ ವಿಷಯದಲ್ಲಿ ಹಾಗೆ ಹಂಚಲು ಬರುವುದಿಲ್ಲ, ಏಕೆಂದರೆ ಹಳೆಯ ಮೈ ಮತ್ತು ಹೊಸ ಮೈ ಎರಡೂ ಒಂದೇ ಮೂರ್ತಿಯಲ್ಲಿ ಇವೆ. ಮೂಲ ಬಣ್ಣವನ್ನು ಕಾಪಾಡಿ ಎಂದು ಸಂರಕ್ಷಣಾ ತಜ್ಞರು ಹೇಳಿದರೆ, ಯಾವ ಜಾತ್ರೆಯ ಬಣ್ಣ ಮೂಲದ್ದು ಎಂಬ ಪ್ರಶ್ನೆ ಏಳುತ್ತದೆ.

ಆದುದರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಶೋಧಕರು ವಸ್ತುವನ್ನು ಸಂಗ್ರಹಿಸುವುದಕ್ಕಿಂತ ಸರದಿಯನ್ನು ದಾಖಲಿಸುವುದು ಹೆಚ್ಚು ತುರ್ತಿನದು. ಯಾವ ಊರ ದೇವಿ ಯಾವ ಮನೆತನಕ್ಕೆ ಬಣ್ಣಕ್ಕೆ ಬರುತ್ತಿದ್ದಳು, ಕೊನೆಯ ಸಲ ಯಾವ ವರ್ಷ ಬಂದಿದ್ದಳು, ಕೆರೆದಾಗ ಎಷ್ಟು ಪದರ ಕಂಡವು, ಯಾವ ಅಂಗವನ್ನು ಹೊಸದಾಗಿ ಕೂಡಿಸಿದರು ಎಂಬ ಪಟ್ಟಿ ಹಿರಿಯ ಚಿತ್ರಗಾರರ ನೆನಪಿನಲ್ಲಿ ಮಾತ್ರ ಇರುವಂಥದು. ಇದಕ್ಕೆ ಪೂರಕವಾದ ಲಿಖಿತ ಆಕರ ಊರಿನ ಹಿರಿಯರ ಬಳಿಯೇ ಇರುತ್ತದೆ. ಜಾತ್ರೆಯ ಪಟ್ಟಿ ಎತ್ತಿದ ಲೆಕ್ಕದ ವಹಿಗಳಲ್ಲಿ ಚಪ್ಪರ, ವಾದ್ಯ, ಎಣ್ಣೆ, ಅಕ್ಕಿಗಳ ಬಾಬುಗಳ ನಡುವೆ ದೇವಿಯ ಬಣ್ಣದ ಬಾಬೂ ಬರುತ್ತದೆ. ಆ ಸಾಲಿನಲ್ಲಿ ಕೊಟ್ಟ ಕಾಳು, ಸೀರೆ, ರೊಕ್ಕಗಳ ಜೊತೆಗೆ ಪಡೆದವನ ಹೆಸರನ್ನೂ ಬರೆದಿರುವುದುಂಟು. ಮೂರ್ತಿಯ ಮೇಲೆ ಎಲ್ಲೂ ತನ್ನ ಹೆಸರು ಬರೆಯದ ಚಿತ್ರಗಾರನ ಹೆಸರು ಬರೆಹದಲ್ಲಿ ಸಿಗುವ ಜಾಗ ಅದು. ಜಾತ್ರೆ ಮುಗಿದು ಲೆಕ್ಕ ಚುಕ್ತಾ ಆದ ಮೇಲೆ ಇಂಥ ವಹಿಗಳನ್ನು ಕಾಯ್ದಿಡುವ ಹೊಣೆ ಯಾರದೂ ಆಗಿರುವುದಿಲ್ಲ.